ಹಂದಿ ಮಾರ್ಕಿನ ಬೆಣ್ಣೆ

"ಆಂಟಿ, ನಿಮ್ಮ ಮನ್ಯಾಗ ಬ್ಯಾಡ್ರಿ. ಆ ಉಪ್ಪಿಟ್ಟು, ಶಿರಾ, ಹುಡುಗಿ ತಲಿ ಬಗ್ಗಿಸಿ ಚಾದ ಟ್ರೇ ತರೂದು, ಅದೆಲ್ಲಾ ಭಾಳ ಫೇಕ್ ಅನಸ್ತೈತಿ. ಲೆಟ್ಸ್ ಮೀಟ್ ಸಮ್‌ವೇರ್ ಅಥೆಂಟಿಕ್."

ನನ್ನ ಅಕ್ಕನ ಮಗಳನ್ನು ನೋಡಲು ಬರಬೇಕಾಗಿದ್ದ ವರಮಹಾಶಯ ಅಭಿನವ್ ಫೋನಿನಲ್ಲಿ ಹೇಳಿದ ಮಾತು ಇದು. ಅಷ್ಟು ಹೊತ್ತಿಗೆ ನಾನು ರವೆ ಹುರಿದು, ಗೋಡಂಬಿ ಒಡೆದು ಇಟ್ಟಾಗಿತ್ತು. ನನ್ನ ಉಪ್ಪಿಟ್ಟನ್ನು ಇಪ್ಪತ್ತು ವರ್ಷದಲ್ಲಿ ಯಾರೂ ಫೇಕ್ ಅಂದಿರಲಿಲ್ಲ.

"ಹಂಗಾರ ಎಲ್ಲಿಗಪಾ?" ಎಂದೆ.

"ನಿಮ್ಮ ಬಾಜೂಕ, ಬೌಂಡ್ ಬ್ರೂಕ್‌ನಾಗ ಒಂದು ತಾಕೇರಿಯಾ ಐತ್ರಿ. ರಿಯಲ್ ಮೆಕ್ಸಿಕನ್. ಮುಂದ ಕಿರಾಣಿ ಅಂಗಡಿ, ಹಿಂದ ಊಟ. ನೋ ಫ್ರಿಲ್ಸ್. ಟೂರಿಸ್ಟ್‌ಗಳಿಗೆ ಇನ್ನೂ ಗೊತ್ತ ಆಗಿಲ್ಲ."

ಅಮೆರಿಕದ ಸಣ್ಣ ಊರಾದ ಬೌಂಡ್ ಬ್ರೂಕಿಗೆ ಟೂರಿಸ್ಟ್‌ಗಳು ಯಾವ ಕಾಲಕ್ಕೆ ಬಂದಿದ್ದರೋ ನನಗೆ ತಿಳಿಯದು. ಹಿಂದಿನ ಸೆಪ್ಟೆಂಬರಿನಲ್ಲಿ ಫ್ಲಾಯ್ಡ್ ಬಿರುಗಾಳಿ ಬಂದು ಊರನ್ನೆಲ್ಲ ಮುಳುಗಿಸಿ ಹೋಗಿತ್ತು. ನಾನು ಕಂಡಂತೆ ಆ ಊರಿಗೆ ಹೊರಗಿನಿಂದ ಬಂದ ದೊಡ್ಡ ಅತಿಥಿ ಅದೊಂದೇ.

ಅದು ಎರಡು ಸಾವಿರನೆಯ ಇಸವಿಯ ಮಾರ್ಚ್ ತಿಂಗಳು. ಕಂಪ್ಯೂಟರುಗಳಿಗೆ ತಾರೀಖು ತಪ್ಪುವ ವೈಟೂಕೆ ಬಂದು ಲೋಕವೇ ಮುಳುಗುತ್ತದೆಂದು ಹೆದರಿಸಿದವರೆಲ್ಲ, ಲೋಕ ಮುಳುಗದೆ ಉಳಿದ ಮೇಲೂ ಶ್ರೀಮಂತರಾಗಿಯೇ ಉಳಿದಿದ್ದರು. ಸೂಟು ಬೂಟು ಬಿಟ್ಟು ಹರಿದ ಜೀನ್ಸ್ ಹಾಕುವುದು, ಬೆಳ್ಳಿ ತಟ್ಟೆ ಬಿಟ್ಟು ಕಾಗದದ ತಟ್ಟೆಯಲ್ಲಿ ತಿನ್ನುವುದು ಆಗಿನ ಹೊಸ ಸಿರಿವಂತಿಕೆಯಾಗಿತ್ತು. ಅಭಿನವ್ ಆ ಜಾತಿಯವನು. ಹೋಬೋಕನ್‌ನಲ್ಲಿ ನದಿ ಕಾಣುವ ಅಪಾರ್ಟ್‌ಮೆಂಟು, ಮ್ಯಾನ್‌ಹ್ಯಾಟನ್‌ಗೆ ಫೆರಿಯಲ್ಲಿ ಕಮ್ಯೂಟು. ಇಂಟರ್ನೆಟ್ಟಿನ ಮೂಲಕ ಜನರ ಕಾಲಿನ ಅಳತೆ ತೆಗೆಯುವ ಕಂಪನಿಯೊಂದರಲ್ಲಿ ಅವನು 'ಡೈರೆಕ್ಟರ್ ಆಫ್ ವಿಷನ್'. ಕಾಲಿನ ಅಳತೆಗೂ ದೃಷ್ಟಿಗೂ ಏನು ಸಂಬಂಧವೆಂದು ನಾನು ಕೇಳಿದ್ದಕ್ಕೆ ನನ್ನ ಗಂಡ ರಾಜಶೇಖರ, "ನಿನಗ ತಿಳಿಯೂದಿಲ್ಲ, ಅವನಿಗೆ ಸ್ಟಾಕ್ ಆಪ್ಶನ್ ಅದಾವ, ಕಂಪನಿ ಶೇರು ಸಿಗತಾವ," ಎಂದು ದೇವರ ಕೋಣೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು.

ನನ್ನ ಕೆಲಸದ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಬ್ರಿಡ್ಜ್‌ವಾಟರ್‌ನ ಒಂದು ಔಷಧಿ ಕಂಪನಿಯಲ್ಲಿ ಲೇಬಲ್ ನೋಡುವವಳು. ಡಬ್ಬಿಯ ಮೇಲೆ ಬರೆದದ್ದೂ ಡಬ್ಬಿಯೊಳಗೆ ಇರುವುದೂ ಒಂದೇ ಹೌದೋ ಅಲ್ಲವೋ ಎಂದು ದಿನವಿಡೀ ನೋಡಿ ಸಹಿ ಹಾಕುತ್ತೇನೆ. ಇದರಿಂದ ನನ್ನ ಸ್ವಭಾವ ಕೆಟ್ಟಿದೆ ಎಂದು ಗಂಡನ ದೂರು.

ಅಕ್ಕನ ಮಗಳು ಅನುಶ್ರೀ ನಮ್ಮ ಮನೆಯಲ್ಲೇ ಇದ್ದಳು. ನೆವಾರ್ಕ್‌ನಲ್ಲಿ ಎಂ.ಎಸ್. ಮುಗಿಸಿ, ಒಂದು ಫೋನ್ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಬೇರೆಯವರು ಸರಿ ಎಂದು ಕೊಟ್ಟದ್ದರಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಮೊದಲು ಬಂದ ಎರಡು ಗಂಡುಗಳಿಗೂ ಅವಳೇ ಬೇಡವೆಂದಿದ್ದಳು. ಎರಡನೆಯದಕ್ಕೆ ಅವಳಪ್ಪ ಚಂದ್ರಶೇಖರ, ನಮ್ಮ ಭಾವ, ಗದಗಿನಿಂದ ಫೋನ್ ಮಾಡಿ ಕಿರುಚಿದ್ದು ಅಡುಗೆಮನೆಯವರೆಗೂ ಕೇಳಿಸಿತ್ತು. "ಇನ್ನೊಮ್ಮೆ ನೀ ಒಲ್ಲೆ ಅಂದ್ರ ನೌಕರಿ ಬಿಟ್ಟು ಊರಿಗೆ ಬಾ. ನಾ ತೋರಿಸಿದವಂಗ ಕೊರಳು ಕೊಡು," ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಆಡಿದರೆ ಆಡಿದ ಹಾಗೆಯೇ ಮಾಡುವ ಮನುಷ್ಯ ಅವರು. ಈ ಶನಿವಾರ ಸಂಜೆ, ಅಂದರೆ ಅವರ ಭಾನುವಾರ ಬೆಳಗ್ಗೆ, ಉತ್ತರಕ್ಕೆ ಕಾಯುತ್ತ ಫೋನಿನ ಪಕ್ಕದಲ್ಲೇ ಕುಳಿತಿರುತ್ತಾರೆ. ಹೂಂ ಅಂದರೆ ಹೋಬೋಕನ್, ಊಹೂಂ ಅಂದರೆ ಗದಗ.

ನಿಜ ಹೇಳಬೇಕೆಂದರೆ ಈ ಸಲ ಅನುಶ್ರೀಯ ಮನಸ್ಸು ಹೂಂ ಕಡೆಗೇ ವಾಲಿತ್ತು. ಅದಕ್ಕೆ ಕಾರಣ ಹುಡುಗನಲ್ಲ, ಹುಡುಗನ ತಾಯಿ ಗಿರಿಜಾದೇವಿ. ಬೈಲಹೊಂಗಲದವರು, ಚಳಿಗಾಲದಲ್ಲೇ ಮಗನ ಹತ್ತಿರ ಬಂದಿದ್ದರು. ಶಿವರಾತ್ರಿಯ ಭಜನೆಗೆ ಮನ್ರೋದ ಒಬ್ಬರ ಮನೆಗೆ ಹೋದಾಗ ಅನುಶ್ರೀಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಕೆಲಸ ಏನೆಂದು ಕೇಳಿ, ಪೂರ್ತಿ ಕೇಳಿಸಿಕೊಂಡು, "ಅಂದ್ರ ಹಪ್ಪಳದ ಹಿಟ್ಟು ಹದ ಆಗೇತೋ ಇಲ್ಲೋ ಅಂತ ಚಿವುಟಿ ನೋಡೂದು, ಹೌದಲ್ಲೋ," ಅಂದಿದ್ದರು. ಅವಳ ಕೆಲಸ ಅಷ್ಟು ಬೇಗ ಅರ್ಥವಾದ ಮೊದಲ ಮನುಷ್ಯ ಅವರೇ ಎಂದು ಅನುಶ್ರೀ ಕಾರಿನಲ್ಲಿ ನಗುತ್ತ ಹೇಳಿದ್ದಳು. "ಅಂಥಾ ಅತ್ತಿ ಸಿಕ್ಕರ ಗಂಡ ಹೆಂಗಿದ್ದರೂ ನಡೀತೈತಿ, ಚಿಗವ್ವಾ." ಆಗ ನಾನೂ ನಕ್ಕಿದ್ದೆ.

ಮಧ್ಯಾಹ್ನ ನಾವು ಮೂವರೂ ಡ್ರೈವ್ ಮಾಡಿಕೊಂಡು ಹೋದೆವು. ಅಂಗಡಿಯ ಬಾಗಿಲು ತೆಗೆದರೆ ಒಣಮೆಣಸಿನಕಾಯಿಯ ಘಾಟು. ಒಂದು ಕಡೆ ಮೆಣಸಿನಕಾಯಿಯ ಚೀಲಗಳು, ಮೆಕ್ಕೆಜೋಳದ ಹಿಟ್ಟಿನ ಮೂಟೆಗಳು, ಸಂತರ ಚಿತ್ರ ಅಂಟಿಸಿದ ಗಾಜಿನ ಮೇಣದಬತ್ತಿಗಳು, ಊರಿಗೆ ಮಾತಾಡುವ ಫೋನ್ ಕಾರ್ಡುಗಳು. ಹಿಂದೆ ಒಂದು ಕೌಂಟರು, ಅದರಾಚೆ ಒಲೆ, ಈಚೆ ಪ್ಲಾಸ್ಟಿಕ್ ಹಾಸಿದ ಕೆಲವು ಮೇಜುಗಳು. ದಣಿದು ಬಂದ ಗಂಡಸರು ತಲೆ ತಗ್ಗಿಸಿ ಊಟ ಮಾಡುತ್ತಿದ್ದರು. ಅವರಿಗೆ ಅದು ಶನಿವಾರದ ಊಟ, ಅಷ್ಟೆ. ಅಥೆಂಟಿಕ್ ಆಗಿದೆ ಎಂದು ಯಾರ ಮುಖದಲ್ಲೂ ಕಾಣಿಸಲಿಲ್ಲ.

ಅಭಿನವ್ ನಮಗಿಂತ ಮುಂಚೆ ಬಂದು ಮೂಲೆಯ ಮೇಜು ಹಿಡಿದಿದ್ದ. ಹರಿದ ಜೀನ್ಸು, ಅದಕ್ಕೊಂದು ಹತ್ತಿಯ ಜುಬ್ಬಾ, ಕೊರಳಿಗೆ ಮಣಿಸರ. ಗೋಡೆಯ ಮೇಲೆ ಎದೆಯ ಎತ್ತರಕ್ಕೆ ಕಂದು ಬಣ್ಣದ ಗೆರೆಯೊಂದಿತ್ತು, ಫ್ಲಾಯ್ಡ್ ನೆರೆಯ ನೀರು ನಿಂತ ಗುರುತು. ಅದನ್ನು ಬೆರಳಿನಿಂದ ಸವರಿ, "ನೋಡ್ರಿ ಅಂಕಲ್, ಇದನ್ನ ಅಳಿಸಿಲ್ಲ ಅವರು. ಸೋ ಮಚ್ ಕ್ಯಾರೆಕ್ಟರ್," ಎಂದ. ಬಣ್ಣ ಹೊಡೆಸಲು ಕೈ ನಡೆಯದೆ ಬಿಟ್ಟಿರಬಹುದು ಎಂದು ನನಗೆ ಹೊಳೆಯಿತು. ನನ್ನ ಗಂಡ ಗೆರೆಯ ಮುಂದೆ ನಿಂತು ತಲೆದೂಗಿದರು. ನಮ್ಮ ಬೇಸ್‌ಮೆಂಟಿಗೆ ಅದೇ ನೀರು ನುಗ್ಗಿದಾಗ ಇನ್ಶೂರೆನ್ಸಿನವರ ಮೇಲೆ ರೇಗಿದ್ದು ಇದೇ ಮನುಷ್ಯ. ಆಗ ಅವರಿಗೆ ಅದರಲ್ಲಿ ಕ್ಯಾರೆಕ್ಟರ್ ಕಂಡಿರಲಿಲ್ಲ.

ಗಿರಿಜಾದೇವಿ ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ ಹಾಕಿಕೊಂಡು ಗೋಡೆಯ ಕಡೆ ಕುಳಿತಿದ್ದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ. ಅನುಶ್ರೀಯನ್ನು ಕಂಡೊಡನೆ ಪಕ್ಕದ ಕುರ್ಚಿ ತಟ್ಟಿ, "ಬಾ ಮಗಳ," ಎಂದರು.

"ನಾ ಬಂದಾಗಿಂದ ಹೊರಗ ನೀರ ಸೈತ ಮುಟ್ಟಿಲ್ಲ," ಎಂದು ನನ್ನ ಕಡೆ ತಿರುಗಿ ಹೇಳಿದರು. "ವಿಮಾನದಾಗೂ ಬಾಳಿಹಣ್ಣ ತಿಂದು ಬಂದೆ. ಇವತ್ತ ಇಂವ, ಅವ್ವಾ ಎಲ್ಲಾ ಕಾಳು, ರೊಟ್ಟಿ, ಕಾಯಿಪಲ್ಲೆ, ಏನೂ ದೋಷ ಇಲ್ಲ ಅಂದ. ಹೆತ್ತ ಮಗ ಹೇಳಿದ ಮ್ಯಾಲ ಮುಗೀತಲ್ರಿ."

ಆಮೇಲೆ ಪಾಠ ಶುರುವಾಯಿತು. ಅಮೆರಿಕನ್ನರು ಮೆಕ್ಸಿಕನ್ ಎಂದುಕೊಂಡು ತಿನ್ನುವ ಚೀಸು ಸುರಿದ ಕಸದ ಬಗ್ಗೆ, ಟಾಕೋ ಬೆಲ್ ಹೋಟೆಲುಗಳ ಬಗ್ಗೆ, ಓಕ್ ಟ್ರೀ ರೋಡಿನ ಬಫೆಗಳಲ್ಲಿ ಸಾಲು ನಿಲ್ಲುವ ದೇಸಿಗಳ ಬಗ್ಗೆ ಅಭಿನವ್ ಮೂಗು ಮುರಿದ. ನನ್ನ ಗಂಡ ಮೆಚ್ಚುಗೆ ತೋರಿಸಲು ಹೋಗಿ, "ಈ ಟಾರ್ಟಿಲ್ಲಾ ರೊಟ್ಟಿ..." ಎಂದು ಬಾಯಿ ತೆರೆದರು.

"ಟೋರ್ತೀಯಾ, ಅಂಕಲ್. ಎಲ್ ಉಚ್ಚಾರ ಮಾಡಬಾರದು."

"ಟೋರ್ತೀಯಾ," ಎಂದು ನನ್ನ ಗಂಡ ವಿಧೇಯ ವಿದ್ಯಾರ್ಥಿಯಾಗಿ ಒಪ್ಪಿಸಿದರು. ಮನೆಯಲ್ಲಿ ನಾನು ಒಂದು ತಪ್ಪು ತೋರಿಸಿದರೆ ಎರಡು ದಿನ ಮುಖ ಊದಿಸಿಕೊಳ್ಳುವವರು!

ಆರ್ಡರ್ ಮಾಡಲು ಅನುಶ್ರೀ, ನಾನು, ಅವನು ಕೌಂಟರಿಗೆ ಹೋದೆವು. ಅವನು ಸ್ಪ್ಯಾನಿಷ್‌ನಲ್ಲಿ ದೊಡ್ಡ ಭಾಷಣ ಮಾಡಿದ. ಕೌಂಟರಿನ ಹೆಂಗಸು ಕೊನೆಯವರೆಗೆ ಕೇಳಿ, "ಫಾರ್ ಹಿಯರ್ ಆರ್ ಟು ಗೋ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ಎದೆಗುಂದದೆ ಮತ್ತೆ ಸ್ಪ್ಯಾನಿಷ್‌ನಲ್ಲೇ ಉತ್ತರಿಸಿದ.

ಅನುಶ್ರೀ, ನಾವೆಲ್ಲ ವೆಜಿಟೇರಿಯನ್ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಹೆಂಗಸು ಪೆನ್ನು ನಿಲ್ಲಿಸಿ, "ಬೀನ್ಸ್ ಹ್ಯಾವ್ ಮಾಂತೇಕಾ. ಇಸ್ ಓಕೆ?" ಎಂದಳು.

"ಸೀ, ಸೀ. ಪೆರ್ಫೆಕ್ತೋ," ಎಂದ ಅಭಿನವ್.

"ಮಾಂತೇಕಾ ಅಂದ್ರೇನು?" ಅನುಶ್ರೀ ಕೇಳಿದಳು.

ಅವನು ಒಂದು ಕ್ಷಣ ಕೊರಳಿನ ಮಣಿ ತಿರುವಿದ. "ಬೆಣ್ಣಿ. ಮೆಕ್ಸಿಕನ್ ಬೆಣ್ಣಿ. ಅದನ್ನ ಹಾಕದಿದ್ದರ ಟೇಸ್ಟ ಬರೂದಿಲ್ಲ." ಆ ಹೆಂಗಸು ನಮ್ಮ ಮೂವರ ಮುಖ ನೋಡಿ, ಭುಜ ಕುಣಿಸಿ ಬರೆದುಕೊಂಡಳು. ಅವಳಿಗೇನು, ಕೇಳುವುದನ್ನು ಕೇಳಿದ್ದಳು.

ಊಟ ಬಂತು. ಬಿಸಿ ರೊಟ್ಟಿಗಳು, ಅರೆದ ಕಪ್ಪು ಕಾಳಿನ ಪಲ್ಯ, ಕೆಂಪು ಚಟ್ನಿ, ಜೊತೆಗೆ ಸೀಳಿ ಹುರಿದ ಹಸಿರು ಕಳ್ಳಿ. ಕಳ್ಳಿಯನ್ನು ನೋಡಿ ಗಿರಿಜಾದೇವಿ ಬಾಯಿಗೆ ಸೆರಗು ಹಿಡಿದು ನಕ್ಕರು.

"ಅಯ್ಯ ನನ ಶಿವನ! ಡಬ್ಬಗಳ್ಳಿ! ನಮ್ಮ ಹೊಲದ ಬೇಲಿ ಇದು. ಆಡೂ ಮೂಸಿ ನೋಡಿ ಮುಂದ ಹೋಗತಿದ್ವು. ಇದನ್ನ ತಿನ್ನಾಕ ಕಾರ ತಗೊಂಡು ಬಂದೇವಲ್ಲೋ ಅಭೀ!"

ಅನುಶ್ರೀ ಮನಸಾರೆ ನಕ್ಕಳು. ಅಭಿನವ್ ನಗಲಿಲ್ಲ, ಕಳ್ಳಿಯ ವಿಟಮಿನ್‌ಗಳ ಬಗ್ಗೆ ಹೇಳಿದ. ಗಿರಿಜಾದೇವಿ ಕಳ್ಳಿಯನ್ನು ಪಕ್ಕಕ್ಕೆ ಸರಿಸಿ, ರೊಟ್ಟಿ ಮುರಿದು ಕಾಳಿನ ಪಲ್ಯಕ್ಕೆ ಅದ್ದಿ ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಅವರ ಮುಖ ಅರಳಿತು. ಪರದೇಶಕ್ಕೆ ಬಂದ ಮೇಲೆ ಬೇರೆಯವರು ಬಿಸಿಬಿಸಿ ಬಡಿಸಿದ್ದನ್ನು ಅವರು ತಿನ್ನುತ್ತಿದ್ದುದು ಅದೇ ಮೊದಲು. ಗೋವಿನಜೋಳದ ರೊಟ್ಟಿ ನಮ್ಮೂರಿನದರಂತೆಯೇ ಇದೆ, ಕಾಳಿಗೆ ಬೆಣ್ಣೆಯ ಕೈ ಮುಂದಾಗಿದೆ, ಬಹುಶಃ ಎಮ್ಮೆಯದು, ಅದಕ್ಕೇ ಇಷ್ಟು ಜಿಡ್ಡು ಎಂದು ಒಂದೊಂದಾಗಿ ಹೊಗಳಿದರು. ನನ್ನ ತಟ್ಟೆಗೂ, ಅನುಶ್ರೀಯ ತಟ್ಟೆಗೂ ತಮ್ಮ ಕೈಯಾರೆ ಬಡಿಸಿದರು. ಇನ್ನೊಂದು ಬಟ್ಟಲು ಕಾಳು ಕೇಳಿ ಮಗನಿಂದ ತರಿಸಿದ್ದೂ ಅವರೇ.

ಅತ್ತ ಸಂದರ್ಶನ ನಡೆದಿತ್ತು.

"ವಾಟ್ಸ್ ದ ಮೋಸ್ಟ್ ಅಡ್ವೆಂಚರಸ್ ಥಿಂಗ್ ಯು ಹ್ಯಾವ್ ಎವರ್ ಈಟನ್?" ಎಂದು ಅಭಿನವ್ ಅನುಶ್ರೀಯನ್ನು ಕೇಳಿದ.

"ಹುಬ್ಬಳ್ಳಿ ಹಾಸ್ಟೆಲ್‌ನ ಸಾರು."

ಗಿರಿಜಾದೇವಿಗೆ ನಗು ತಡೆಯದೆ ಕೆಮ್ಮು ಬಂತು. ಅಭಿನವ್ ಉತ್ತರಕ್ಕಾಗಿ ಕೇಳಿದವನಲ್ಲ. ತಾನು ಥಾಯ್‌ಲ್ಯಾಂಡಿನಲ್ಲಿ ಏನೇನು ತಿಂದೆ ಎಂದು ತಾಯಿಗೆ ಅರ್ಥವಾಗದಂತೆ ಇಂಗ್ಲಿಷಿನಲ್ಲಿ ವರ್ಣಿಸಿದ. ಆಮೇಲೆ ಕನ್ನಡಕ್ಕೆ ಬಂದು, "ನನ್ನದು ಒಂದ ಕಂಡೀಶನ್. ಪ್ರಿಟೆನ್ಸ್ ಇರಬಾರದು. ಒಳಗೊಂದು ಹೊರಗೊಂದು ಇರೋ ಜನ ಅಂದ್ರ ನನಗ ಅಲರ್ಜಿ," ಎಂದ. ನನ್ನ ಗಂಡ, "ಕರೆಕ್ಟ್, ಕರೆಕ್ಟ್," ಎಂದರು. ಹುಡುಗನ ಬಾಯಿಂದ ಏನು ಬಿದ್ದರೂ ಎತ್ತಿ ಜೇಬಿಗೆ ಹಾಕಿಕೊಳ್ಳುವ ಹಾಗೆ ಕುಳಿತಿದ್ದರು ಅವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅನುಶ್ರೀಯ ಪಕ್ಕದಲ್ಲಿ ಆ ಹಿರಿಯ ಹೆಂಗಸು ತಟ್ಟೆ ಒರೆಸಿ ತಿನ್ನುತ್ತ, ನಡುನಡುವೆ ಅವಳ ಬೆನ್ನು ಸವರುತ್ತ ಇದ್ದುದನ್ನು ನೋಡಿ ಸುಮ್ಮನಾದೆ. ಜಂಭ ಕೊಚ್ಚುವ ಗಂಡಸರ ಜೊತೆ ಬಾಳ್ವೆ ಮಾಡಿದ ಹೆಂಗಸರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ನಾನೇ ಇಲ್ಲವೇ!

ಊಟ ಮುಗಿದ ಮೇಲೆ ಗಿರಿಜಾದೇವಿ, "ಅಂಗಡ್ಯಾಗ ಏನೇನೈತಿ ನೋಡಿ ಬರತೇನಿ," ಎಂದು ಎದ್ದು ಹೋದರು. ಅಭಿನವ್ ತನ್ನ ಕಂಪನಿ ಬೇಸಿಗೆಯಲ್ಲಿ ಐಪಿಓಗೆ ಹೋಗುತ್ತದೆಂದು ಹೇಳುತ್ತಿದ್ದ. ಅನುಶ್ರೀ ಕೇಳಿಸಿಕೊಳ್ಳುತ್ತಿದ್ದಳು, ಅಥವಾ ಕೇಳಿಸಿಕೊಂಡವಳ ಹಾಗೆ ಕುಳಿತಿದ್ದಳು. ಅವಳು ಹೂಂ ಎನ್ನುತ್ತಾಳೆ ಎಂದು ನನಗೆ ಆಗ ಖಾತ್ರಿಯಾಯಿತು. ಸೋತು ಒಪ್ಪಿಕೊಳ್ಳುವಾಗ ಅವಳು ಕಿವಿಯ ಓಲೆ ಮುಟ್ಟಿಕೊಳ್ಳುತ್ತಾಳೆ, ಚಿಕ್ಕಂದಿನಿಂದಲೂ ಹಾಗೆಯೇ.

ಅಷ್ಟರಲ್ಲಿ ಗಿರಿಜಾದೇವಿ ಬಂದರು. ಸೊಂಟದ ಮೇಲೆ ನೀರಿನ ಕೊಡ ಇಟ್ಟುಕೊಂಡ ಹಾಗೆ ಬಿಳಿಯ ಪ್ಲಾಸ್ಟಿಕ್ ಬಕೀಟೊಂದನ್ನು ಇಟ್ಟುಕೊಂಡಿದ್ದರು.

"ಇದ ನೋಡು, ಒಲಿ ಮುಂದಿನಾಕಿ ಇಂಥಾದರಾಗಿಂದನ ಸೌಟಿಲೆ ತಗದು ಹಾಕತಿದ್ಲು. ನಾ ನೋಡಿ ಇಟ್ಟಿದ್ದೆ. ಬೆಣ್ಣಿ ಇದ ಹೌದಲ್ಲೋ? ಎಷ್ಟ ಬೆಳ್ಳಗೈತಿ!" ಎಂದು ಮೇಜಿನ ಮೇಲಿಟ್ಟರು. ಆಮೇಲೆ ಬಕೀಟನ್ನು ತಿರುಗಿಸಿ, "ಆದ್ರ ಇದರ ಮ್ಯಾಲ ಹಂದೀ ಚಿತ್ರ ಯಾಕೈತೋ ಅಭೀ?" ಎಂದು ಕೇಳಿದರು.

ದುಂಡಗಿನ ಗುಲಾಬಿ ಹಂದಿ. ನಗುತ್ತಿತ್ತು. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ ಮಾಂತೇಕಾ ಎಂದಿತ್ತು, ಅದರ ಕೆಳಗೆ ಇಂಗ್ಲಿಷಿನಲ್ಲಿ ಲಾರ್ಡ್ ಎಂದಿತ್ತು. ಹಂದಿಯ ಕೊಬ್ಬು. ಇಂಗ್ಲಿಷ್ ಓದಲು ಬರುವ ನಾವು ನಾಲ್ವರೂ ಅದನ್ನು ಓದಿದೆವು. ಬರದವರು ಅವರೊಬ್ಬರೇ.

ಅಭಿನವ್ ಮಾತ್ರ ಒಂದಿಷ್ಟೂ ತಡವರಿಸಲಿಲ್ಲ.

"ಅದು ಮಾರ್ಕ್, ಅವ್ವಾ," ಎಂದ. "ಬ್ರ್ಯಾಂಡ್. ಆನೀ ಮಾರ್ಕ್ ಬೆಂಕಿಪಟ್ನದಾಗ ಆನಿ ಇರತೈತೇನು? ಹುಲೀ ಮಾರ್ಕ್ ಬೀಡಿ ಒಳಗ ಹುಲಿ ಇರತೈತೇನು?"

ಗಿರಿಜಾದೇವಿ ಮಗನನ್ನು ನೋಡಿದರು, ಹಂದಿಯನ್ನು ನೋಡಿದರು. ಆಮೇಲೆ ಕೈ ತಟ್ಟಿ ನಕ್ಕರು. "ಹೌದಲ್ಲ! ನಮ್ಮಪ್ಪ ಕುದುರಿ ಮಾರ್ಕ್ ಗೊಬ್ಬರ ತರತಿದ್ದ. ಇದು ಹಂದಿ ಮಾರ್ಕ್ ಬೆಣ್ಣಿ! ಇವರಿಗೆ ಬ್ಯಾರೆ ಪ್ರಾಣಿನ ಸಿಗಲಿಲ್ಲೇನು?" ನಮ್ಮತ್ತ ತಿರುಗಿ ಅದೇ ಉತ್ಸಾಹದಲ್ಲಿ ಹೇಳಿದರು: "ಮುಂದ ಯುಗಾದಿ ಬಂತಲ್ರಿ. ಇದನ್ನ ಕಾಸಿ ತುಪ್ಪ ಮಾಡತೇನಿ. ಮೊದಲ ಲಿಂಗದ ಮುಂದ ಒಂದು ದೀಪ ಹಚ್ಚಿ, ಆಮ್ಯಾಲೆ ಹೋಳಿಗಿ ಮ್ಯಾಲ ಹಾಕತೇನಿ. ನೀವೂ ಬರ್ರಿ. ಈ ಹುಡುಗಿ ಕೈಲೆ ಹೋಳಿಗಿ ಲಟ್ಟಿಸತೇನಿ."

ಬಕೀಟನ್ನು ಮೇಜಿನ ಮೇಲೆ ಬಿಟ್ಟು ಕೈ ತೊಳೆಯಲು ಹೋದರು. ಅವರು ಬಾಗಿಲ ಮರೆಯಾದ ಕೂಡಲೇ ಅಭಿನವ್ ಮುಂದಕ್ಕೆ ಬಾಗಿ, ಒಳ್ಳೆಯ ಸುದ್ದಿ ಹೇಳುವವನಂತೆ ನಗುತ್ತ ಪಿಸುಗುಟ್ಟಿದ.

"ಡೋಂಟ್ ವರಿ. ದುಡ್ಡು ಕೊಟ್ಟು ತಗೊಂಡು ಹೋಗತೇನಿ. ಮನ್ಯಾಗ ಚೆಲ್ಲಿ, ಅದ ಬಕೀಟಿನಾಗ ಶಾಪ್‌ರೈಟ್ ಅಂಗಡಿ ಬೆಣ್ಣಿ ತುಂಬತೇನಿ. ಶಿ ವಿಲ್ ನೆವರ್ ನೋ."

"ನಿಮಗ ಯಾವಾಗ ಗೊತ್ತಾತು?" ಎಂದು ಅನುಶ್ರೀ ಕೇಳಿದಳು. ಅವಳ ದನಿ ಮೆತ್ತಗಿತ್ತು. ಟೆಸ್ಟ್ ಮಾಡುವಾಗ ಹೀಗೇ ಕೇಳುತ್ತಾಳೆ ಎಂದು ಕಾಣುತ್ತದೆ.

"ಯಾವಾಗ ಅಂದ್ರ? ಎರಡು ವರ್ಷದಿಂದ ಇಲ್ಲಿ ಬರತೇನಿ. ಆಫ್‌ಕೋರ್ಸ್ ಐ ನೋ. ರೊಟ್ಟಿ ಬಿಟ್ಟು ಎಲ್ಲಾದಕ್ಕೂ ಹಾಕ್ತಾರ, ಕಳ್ಳಿ ಹುರಿದದ್ದೂ ಅದರಾಗನ. ಅದಿಲ್ಲದಿದ್ದರ ಅಥೆಂಟಿಕ್ ಹೆಂಗಾಗತೈತಿ? ದೆನ್ ಯು ಮೈಟ್ ಆಸ್ ವೆಲ್ ಗೋ ಟು ಟಾಕೋ ಬೆಲ್."

"ಮತ್ತ ನನಗ ಬೆಣ್ಣಿ ಅಂದ್ರಿ, ಅಮ್ಮಗ ಮಾರ್ಕ್ ಅಂದ್ರಿ."

"ಅಷ್ಟ ದೂರ ಬಂದು, ಎಲ್ಲಾರ ಮುಂದ, ಇದು ಬ್ಯಾಡ ಅದು ಬ್ಯಾಡ ಅಂತ ಸೀನ್ ಮಾಡೂದು? ಗೊತ್ತಿಲ್ಲದ ತಿಂದ್ಲು, ಖುಷಿ ಆದ್ಲು. ವಿಕ್ಟಿಮ್‌ಲೆಸ್ ಕ್ರೈಮ್." ಕಣ್ಣು ಮಿಟುಕಿಸಿದ. ಆ ಕಣ್ಣಿಗೆ ಕಳ್ಳಿಯ ಮುಳ್ಳು ಚುಚ್ಚಬೇಕೆನಿಸಿತು ನನಗೆ. ನಾನು ತಿಂದದ್ದಕ್ಕಲ್ಲ. ಲಿಂಗಪೂಜೆ ಆಗದೆ ಹನಿ ನೀರು ಕುಡಿಯದ ಹೆಂಗಸು, ಹೆತ್ತ ಮಗನ ಮಾತೆಂದು ಬಟ್ಟಲು ಒರೆಸಿ ತಿಂದಿದ್ದರು. ಇವನು ಎದುರಿಗೆ ಕುಳಿತು, ಗೊತ್ತಿದ್ದೂ, ಎರಡನೆಯ ಬಟ್ಟಲು ತರಿಸಿಕೊಟ್ಟಿದ್ದ. ಬರೀ ನಮ್ಮೆದುರು ಸಣ್ಣವನಾಗಬಾರದೆಂದು!

ನನ್ನ ಗಂಡ ಗಂಟಲು ಸರಿಮಾಡಿಕೊಂಡರು. "ಹೋಗಲಿ ಬಿಡವಾ ಅನು. ದೊಡ್ಡವರು, ನೊಂದುಕೋತಾರ. ನಾವೂ ತಿಂದೇವಿ, ಏನಾತು? ಅಂವ ಬದಲಿ ಮಾಡತೇನಿ ಅಂತಾನಲ್ಲ."

ಅನುಶ್ರೀ ನನ್ನತ್ತ ನೋಡಿದಳು. ನಾನು ಬಕೀಟಿನ ಲೇಬಲ್ಲನ್ನೇ ನೋಡುತ್ತಿದ್ದೆ. "ಇಲ್ಲಿ ಸರಿಯಾಗೇ ಬರದಾರ," ಎಂದೆ. "ಹಂದಿ ಅಂತ ಹಾಕ್ಯಾರ, ಒಳಗ ಹಂದೀನ ಐತಿ." ಅಷ್ಟು ಬಿಟ್ಟು ನನಗೇನೂ ಹೊಳೆಯಲಿಲ್ಲ.

ಅಭಿನವ್ ಬಕೀಟು ಎತ್ತಿಕೊಂಡು ಹೋಗಿ ದುಡ್ಡು ಕೊಟ್ಟು ಬಂದ. ಗಿರಿಜಾದೇವಿ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, "ಕೊಡಿಲ್ಲೆ, ನಾ ಹಿಡಕೋತೇನಿ," ಎಂದು ಕೈ ಚಾಚಿದರು. ಆಗ ಅನುಶ್ರೀ ಎದ್ದು ಅವರ ಆ ಕೈ ಹಿಡಿದುಕೊಂಡಳು.

"ಅಮ್ಮಾ, ಅದು ಮಾರ್ಕ್ ಅಲ್ರಿ."

"ಏನಂದಿ?"

"ಮಾರ್ಕ್ ಅಲ್ಲ. ಒಳಗಿರೂದರ ಚಿತ್ರ ಅದು."

ಗಿರಿಜಾದೇವಿ ಅರಚಲಿಲ್ಲ. ಬಗ್ಗಿ ಬಕೀಟಿನ ಹಂದಿಯನ್ನು ಹತ್ತಿರದಿಂದ ನೋಡಿದರು. ಮೇಜಿನ ಮೇಲಿನ ಖಾಲಿ ಬಟ್ಟಲುಗಳನ್ನು ನೋಡಿದರು. ಅವರ ಇನ್ನೊಂದು ಕೈ ಕೊರಳಿನ ಕರಡಿಗೆಯ ಕಡೆ ಹೋಗಿ, ಮುಟ್ಟದೆ ಅರ್ಧಕ್ಕೇ ನಿಂತಿತು. ನನಗೆ ಅದನ್ನು ನೋಡಲಾಗಲಿಲ್ಲ.

"ನಿನಗ ಗೊತ್ತಿತ್ತೇನೋ ಅಭೀ?" ಎಂದು ಕೇಳಿದರು.

"ಅವ್ವಾ, ಇಟ್ಸ್ ನಾಟ್ ಎ ಬಿಗ್ ಡೀಲ್. ಇಟ್ಸ್ ಎ ಕಲ್ಚರಲ್ ಥಿಂಗ್. ಟೆಕ್ನಿಕಲೀ ಸ್ಪೀಕಿಂಗ್..."

"ಕನ್ನಡದಾಗ ಹೇಳು."

ಅವನಿಗೆ ಸ್ಪ್ಯಾನಿಷ್ ಬರುತ್ತಿತ್ತು, ಇಂಗ್ಲಿಷ್ ಬರುತ್ತಿತ್ತು, ತಾಯಿಗೆ ಹೇಳಬೇಕಾದ ಒಂದು ಮಾತು ಕನ್ನಡದಲ್ಲಿ ಬರಲಿಲ್ಲ. ಗಿರಿಜಾದೇವಿ ನನ್ನ ಕಡೆ ತಿರುಗಿದರು.

"ಶೈಲಜಾ ಬಾಯಾರ, ನಿಮ್ಮ ಮನಿ ಸಮೀಪ ಐತಿ ಅಂದ್ರಲ್ಲ. ನನಗ ತಲಿಮ್ಯಾಲ ನೀರ ಹಾಕೋಬೇಕು. ಕರಕೊಂಡು ಹೊಂಟೀರೇನು?"

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಚಳಿ ಗಾಳಿ. ಅಭಿನವ್ ಬಕೀಟು ಹಿಡಿದುಕೊಂಡೇ ಹಿಂದೆ ಬಂದು ತನ್ನ ಕಾರಿನ ಬಾಗಿಲು ತೆಗೆದ. ಅವರು ಅತ್ತ ನೋಡಲಿಲ್ಲ. ನಮ್ಮ ಕಾರಿನ ಪಕ್ಕದಲ್ಲಿ ನಿಂತು, ಅನುಶ್ರೀಯ ಎರಡೂ ಕೈಗಳನ್ನು ಹಿಡಿದುಕೊಂಡರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಹೊಟ್ಟಿಗೆ ಹೋದದ್ದಕ್ಕ ನಾ ಅಳಾಕತ್ತಿಲ್ಲ ಮಗಳ. ಜಳಕಾ ಮಾಡಿ, ವಿಭೂತಿ ಧರಿಸಿ, ನನ್ನಪ್ಪ ಶಿವಗ ತಪ್ಪಾತು ಅಂತೇನಿ. ಅಂವ ತಿಳಕೋತಾನ. ಆದ್ರ ನಾ ಹಂದಿ ಯಾಕೈತಿ ಅಂತ ಬಾಯಿಬಿಟ್ಟು ಕೇಳಿದೆ. ಮಾರ್ಕ್ ಅಂದ." ಮೂಗು ಒರೆಸಿಕೊಂಡರು. "ನಿನ್ನಂಥ ಸೊಸಿ ಬರಲಿ ಅಂತ ನನಗ ಭಾಳ ಆಸೆ ಇತ್ತು. ಬ್ಯಾಡ ಮಗಳ. ಇಂವನ ಮ್ಯಾಲ ನಮ್ಮ ಮನೀ ಮಾರ್ಕ್ ಐತಿ. ಒಳಗ ಏನೈತಿ, ಹಡದಾಕಿ ನನಗ ಇವತ್ತಿನ ತನಕ ಗೊತ್ತಿರಲಿಲ್ಲ."

ಕಾರು ಹೊರಟಾಗ ಕನ್ನಡಿಯಲ್ಲಿ ಅಭಿನವ್ ಕಂಡ. ಹರಿದ ಜೀನ್ಸಿನಲ್ಲಿ, ಹಂದಿಯ ಬಕೀಟನ್ನು ಎದೆಗವಚಿಕೊಂಡು ನಿಂತಿದ್ದ. ದಾರಿಯಲ್ಲಿ ನನ್ನ ಗಂಡ ಒಮ್ಮೆ, "ಆದ್ರೂ ಆಪ್ಶನ್..." ಎಂದು ಶುರುಮಾಡಿದರು. ನಾನು ಅವರ ಕಡೆ ನೋಡಿದೆ.

ಗಿರಿಜಾದೇವಿ ಸ್ನಾನ ಮಾಡಿ, ನನ್ನ ಸೀರೆ ಉಟ್ಟು, ದೇವರ ಕೋಣೆಯಲ್ಲಿ ಕುಳಿತರು. ಅಷ್ಟು ಹೊತ್ತಿಗೆ ಗದಗಿನಿಂದ ಫೋನ್ ಬಂತು. ಅನುಶ್ರೀಯೇ ಎತ್ತಿದಳು. ಭಾವ ಏನೆಂದು ಕೇಳಿರಬೇಕು.

"ಆಗಲಿಲ್ರಿ, ಅಪ್ಪಾ," ಎಂದಳು.

ಆ ಕಡೆಯಿಂದ ಕಿರುಚಾಟ ಶುರುವಾಯಿತು. ಅವಳು ಅದು ತಗ್ಗುವವರೆಗೆ ಫೋನನ್ನು ಕಿವಿಯಿಂದ ದೂರ ಹಿಡಿದು, ಮುಚ್ಚಿದ ದೇವರ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ತಂದು ಹೇಳಿದಳು: "ನಾ ಒಲ್ಲೆ ಅಂದಿಲ್ಲ, ಅಪ್ಪಾ. ಹುಡುಗನ ಅವ್ವಾರ ಬ್ಯಾಡ ಅಂದ್ರು."

ಭಾವ ಷರತ್ತು ಹಾಕಿದ್ದು ಅವಳ ಒಲ್ಲೆಗಷ್ಟೇ, 'ಆತು ಬಿಡು' ಎಂದು ಫೋನಿಟ್ಟರು. ನಾನು ಒಲೆ ಹಚ್ಚಿ, ಬೆಳಗ್ಗೆ ಹುರಿದಿಟ್ಟ ರವೆಯ ಡಬ್ಬಿ ತೆಗೆದೆ. ಗಿರಿಜಾದೇವಿ ಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಉಪ್ಪಿಟ್ಟು ಆಗಬೇಕಾಗಿತ್ತು.